ಬ ಖರಾಬು

ಶಾಸಕರ ಸಮಿತಿ ಹಗರಿಬೊಮ್ಮನಹಳ್ಳಿಗೆ ಬರುವ ದಿನ ಹಂಪಕ್ಕ ತನ್ನ ಹಿಟ್ಟಿನ ಗಿರಣಿಗೆ ಬೀಗ ಜಡಿದಳು. ಬಸರಿಹಾಳಿನಲ್ಲಿ ಗಿರಣಿ ಮುಚ್ಚಿದೆ ಎಂದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಜೋಳದ ಪುಟ್ಟಿ ಹೊತ್ತು ಬಂದ ಎರ್ರಮ್ಮ ಬೀಗ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಯಾರು ಹೋದ್ರು ಯಕ್ಕಾ?"

"ಯಾರೂ ಹೋಗಿಲ್ಲ. ಊರ ಕಣ ಹೋಗಾಕ ಹತ್ತೈತಿ. ನಾಳಿ ಬಾ, ಬೀಸಿಕೊಡ್ತೀನಿ."

"ಕಣ ಎಲ್ಲಿಗೆ ಹೋಕ್ಕೈತಿ? ಅಲ್ಲೇ ಬಿದ್ದೈತಲ್ಲ!"

ಈ ಮಾತಿಗೆ ಉತ್ತರ ಹೇಳಿ ಹೇಳಿ ಹಂಪಕ್ಕನಿಗೆ ಆಗಲೇ ಸಾಕಾಗಿ ಹೋಗಿತ್ತು. ಅವಳು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಯಾಗಿ ಎರಡನೆಯ ವರ್ಷ. ಮೊದಲ ವರ್ಷವಿಡೀ ಕೊಳವೆಬಾವಿ, ಬೀದಿ ದೀಪ ಎಂದು ಕಳೆದಿತ್ತು. ಈ ವರ್ಷ ಬೇಸಿಗೆಯಲ್ಲಿ ತಾಲ್ಲೂಕು ಕಚೇರಿಯಿಂದ ಒಂದು ಪಟ್ಟಿ ಬಂತು. ಅಂದಿನಿಂದ ಅವಳಿಗೆ ನೆಮ್ಮದಿಯಿಲ್ಲ.

ಸಾರ್ವಜನಿಕ ಜಮೀನು ಮತ್ತು ಆಸ್ತಿಗಳನ್ನು ನೋಡಿಕೊಳ್ಳಲು ಸರ್ಕಾರ ಹೊಸ ಕಾನೂನು ತರುತ್ತಿತ್ತು. ಮಸೂದೆ ವಿಧಾನಸಭೆಯಲ್ಲಿ ಮಂಡನೆಯಾಗಿ ಶಾಸಕರ ಸಮಿತಿಯ ಮುಂದೆ ಹೋಗಿತ್ತು. ಅದರ ಪ್ರಕಾರ ಯಾರ ಉಪಯೋಗಕ್ಕೂ ಬಾರದ ಸರ್ಕಾರಿ ನೆಲವೆಲ್ಲ ಜಿಲ್ಲೆಗೊಂದರಂತೆ ರಚನೆಯಾಗುವ ಪ್ರಾಧಿಕಾರದ ಕೈಗೆ ಹೋಗುತ್ತದೆ. ಪ್ರಾಧಿಕಾರ ಅದಕ್ಕೆ ಬೇಲಿ ಹಾಕಬಹುದು, ಗುತ್ತಿಗೆಗೆ ಕೊಡಬಹುದು. ಉಪಯೋಗಕ್ಕೆ ಬಾರದ ನೆಲ ಯಾವುದೆಂದು ತಿಳಿಯಲು ಪಹಣಿ ನೋಡಿದರಾಯಿತು. ಪಹಣಿಯಲ್ಲಿ ಖರಾಬು ಎರಡು ಬಗೆ. ಬಂಡೆ, ಕೊರಕಲು, ಬೆಳೆ ಬಾರದ ಜಾಗ 'ಅ' ಖರಾಬು. ದಾರಿ, ಸ್ಮಶಾನ, ಹಳ್ಳ, ಊರ ಕಣ ಹೀಗೆ ಜನ ಬಳಸುವ ಜಾಗ 'ಬ' ಖರಾಬು. 'ಅ' ಪ್ರಾಧಿಕಾರಕ್ಕೆ, 'ಬ' ಊರಿಗೆ.

ಬಸರಿಹಾಳಿನ ಏಳು ಎಕರೆ ಕಣ 'ಅ' ಪಟ್ಟಿಯಲ್ಲಿ ಬಂದಿತ್ತು.

ದೊಡ್ಡ ಹೊಲ ಇದ್ದವರಿಗೆ ಹೊಲದಲ್ಲೇ ಕಣ ಇದೆ. ಎಕರೆ, ಎರಡೆಕರೆಯ ಅರವತ್ತು ಮನೆಗಳಿಗೆ ಊರ ಪಡುವಣ ದಿಕ್ಕಿನ ಆ ಗಟ್ಟಿ ನೆಲವೇ ಗತಿ. ಸಜ್ಜೆ, ಸೂರ್ಯಕಾಂತಿ, ಶೇಂಗಾ ಎಲ್ಲ ಅಲ್ಲೇ ಬಡಿಯಬೇಕು, ಅಲ್ಲೇ ತೂರಬೇಕು. ಎರ್ರಮ್ಮನಂಥವರು ಹುಣಸೆಹಣ್ಣು ಒಣಗಿಸುವುದು ಅಲ್ಲೇ. ಮದುವೆಯ ಪಂಕ್ತಿ ಕೂಡುವುದೂ ಅಲ್ಲೇ. ಕಾಗದ ನೋಡಿ ಹಂಪಕ್ಕ ತಾಲ್ಲೂಕು ಕಚೇರಿಗೆ ಮೂರು ಸಲ ಅಲೆದಳು. ಕೊನೆಗೆ ಅಲ್ಲಿಯವರು, "ದಾಖಲೆಯಲ್ಲಿ ಇದ್ದದ್ದನ್ನ ಕಳಿಸೀವಿ. ಹೇಳೋದಿದ್ರ ಸಮಿತಿ ಮುಂದ ಹೇಳ್ರಿ" ಎಂದುಬಿಟ್ಟರು.

ಆಗ ಅವಳ ನೆರವಿಗೆ ಬಂದವನು ಬೊಮ್ಮಯ್ಯ. ಗ್ರಾಮಲೆಕ್ಕಿಗನಾಗಿ ನಿವೃತ್ತಿ ಹೊಂದಿ ಊರಲ್ಲೇ ಇದ್ದ ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಒಂದು ಮುಂಜಾನೆ ಯಾರೂ ಕರೆಯದೆ ಗಿರಣಿಗೆ ಬಂದು, ಹಳೆಯ ಕೈಬರಹದ ರಿಜಿಸ್ಟರಿನ ನಕಲನ್ನು ಹಿಟ್ಟು ಮೆತ್ತಿದ ಮೇಜಿನ ಮೇಲೆ ಇಟ್ಟಿದ್ದ. ಅದರಲ್ಲಿ ಸ್ಪಷ್ಟವಾಗಿ 'ಬ ಖರಾಬು, ಊರ ಕಣ' ಎಂದಿತ್ತು. ಆಮೇಲಿನ ಪಹಣಿ ಪುಸ್ತಕದಲ್ಲಿ ಬರೀ 'ಖರಾಬು' ಎಂದಿತ್ತು. ಪಹಣಿಗಳು ಕಂಪ್ಯೂಟರಿಗೆ ಏರುವಾಗ ಅಕ್ಷರವಿಲ್ಲದ ಖರಾಬನ್ನೆಲ್ಲ ತಾಲ್ಲೂಕು ಕಚೇರಿಯವರು 'ಅ' ಎಂದು ಹಾಕಿಕೊಂಡಿದ್ದರು.

"ನಡುವ ಎಲ್ಲೋ ಬಿಟ್ಟುಹೋಗೈತಿ, ಹಂಪವ್ವ," ಎಂದಿದ್ದ ಬೊಮ್ಮಯ್ಯ. ಅವನು ಅಷ್ಟು ಹಳೆಯ ಕಾಗದ ಹುಡುಕಿ ತಂದನಲ್ಲ ಎಂದು ಹಂಪಕ್ಕ ಅವತ್ತು ಕೈ ಮುಗಿದಿದ್ದಳು.

ಹಂಪಕ್ಕ ಸಮಿತಿಯನ್ನು ಕೇಳಬೇಕೆಂದಿದ್ದುದು ದೊಡ್ಡದೇನಲ್ಲ. ಕಾನೂನು ಜಾರಿಯಾಗುವ ಮುಂಚೆ, ಪಹಣಿಯಲ್ಲಿ ತಪ್ಪಾಗಿದ್ದರೆ ಹಳೆಯ ದಾಖಲೆ ತೋರಿಸಿ ಸರಿಪಡಿಸಿಕೊಳ್ಳಲು ಊರಿನವರಿಗೆ ಒಂದಿಷ್ಟು ದಿನ ಕೊಡಿ ಎನ್ನುವ ಒಂದೇ ಒಂದು ಸಾಲು ಮಸೂದೆಯಲ್ಲಿ ಸೇರಬೇಕು. ಅಷ್ಟೆ.

ಸಮಿತಿಯ ಕಾರ್ಯಕ್ರಮ ಪತ್ರಿಕೆಯಲ್ಲಿ ಬಂದಿತ್ತು. ಒಂಬತ್ತಕ್ಕೆ ಕೂಡ್ಲಿಗಿ, ಹತ್ತೂವರೆಗೆ ಕೊಟ್ಟೂರು, ಹನ್ನೆರಡಕ್ಕೆ ಹಗರಿಬೊಮ್ಮನಹಳ್ಳಿ, ಮೂರಕ್ಕೆ ಹಡಗಲಿ, ಐದಕ್ಕೆ ಹರಪನಹಳ್ಳಿ. ಪಂಚಾಯ್ತಿ ಸದಸ್ಯ ಯೂಸುಫ್ ಸಾಬ್ ತನ್ನ ಹಳೆಯ ಜೀಪು ಹೊರಡಿಸಿದ. ಟ್ರ್ಯಾಕ್ಟರ್ ರಿಪೇರಿ ಅವನ ಕಸುಬು. ಸುಗ್ಗಿಯಲ್ಲಿ ಅವನ ಒಕ್ಕಣೆ ಮಷೀನು ನಿಲ್ಲುವುದು ಅದೇ ಕಣದಲ್ಲಿ. ಹಂಪಕ್ಕ, ಬೊಮ್ಮಯ್ಯ ಸೇರಿ ಮೂವರೂ ಹನ್ನೊಂದಕ್ಕೆಲ್ಲ ಹಗರಿಬೊಮ್ಮನಹಳ್ಳಿ ತಲುಪಿ, ಸಭೆಗೆಂದು ಗೊತ್ತು ಮಾಡಿದ್ದ ಹಾಲಿನಲ್ಲಿ ಮುಂದಿನ ಸಾಲಿನ ಕುರ್ಚಿ ಹಿಡಿದು ಕೂತರು.

ಹನ್ನೆರಡಾಯಿತು, ಒಂದಾಯಿತು. ಸಮಿತಿಯವರು ಕೊಟ್ಟೂರಿನಲ್ಲಿ ದೇವರ ದರ್ಶನಕ್ಕೆ ಹೋಗಿದ್ದಾರೆ ಎಂದು ಸುದ್ದಿ ಬಂತು. ಒಂದೂವರೆಗೆ, ಹೊರಟಿದ್ದಾರೆ ಎಂದರು. ಎರಡಕ್ಕೆ, ಪ್ರವಾಸಿ ಮಂದಿರಕ್ಕೆ ಬಂದಿದ್ದಾರೆ, ಊಟ ಮುಗಿಸಿ ಬರುತ್ತಾರೆ ಎಂದರು. ಹಾಲಿನಲ್ಲಿ ನೂರಕ್ಕೂ ಹೆಚ್ಚು ಜನ. ಎರಡು ಫ್ಯಾನಿನಲ್ಲಿ ಒಂದು ತಿರುಗುತ್ತಿರಲಿಲ್ಲ. ಹಂಪಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ತಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡಳು.

ಎರಡೂ ಮುಕ್ಕಾಲಿಗೆ, ಚಹಾ ಕುಡಿಯಲು ಹೊರಗೆ ಹೋಗಿದ್ದ ಯೂಸುಫ್ ಸಾಬ್ ಓಡಿಕೊಂಡು ಬಂದ.

"ಹಂಪಕ್ಕಾ, ಏಳು! ಬಿಳೇ ಕಾರು ಮೂರೂ ಹಡಗಲಿ ರಸ್ತಿ ಹಿಡದು ಹೋದವು."

"ಹೋದವು ಅಂದ್ರ? ನಾವಿಲ್ಲೇ ಕುಂತೀವಲ್ಲ!"

ಅಷ್ಟರಲ್ಲಿ ಒಬ್ಬ ಸಿಬ್ಬಂದಿ ವೇದಿಕೆ ಹತ್ತಿ, ಸಮಯದ ಅಭಾವದಿಂದ ಸಮಿತಿಯವರು ಪ್ರವಾಸಿ ಮಂದಿರದಲ್ಲೇ ಅಧಿಕಾರಿಗಳಿಂದ ವಿವರ ಪಡೆದುಕೊಂಡಿದ್ದಾರೆಂದೂ, ಸಾರ್ವಜನಿಕರು ತಮ್ಮ ಮನವಿಗಳನ್ನು ಬಾಗಿಲ ಬಳಿಯ ಡಬ್ಬಿಗೆ ಹಾಕಬೇಕೆಂದೂ ಹೇಳಿದ. ಹಂಪಕ್ಕ ಹೋಗಿ ನೋಡಿದಳು. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ. ಮುಚ್ಚಳವೂ ಇರಲಿಲ್ಲ.

"ಇದರಾಗ ಹಾಕಿದ್ರ ನಾಳಿ ಇದೇ ಕಾಗದದಾಗ ಬಜ್ಜಿ ಕಟ್ಟಿಕೊಡ್ತಾರ," ಎಂದಳು. "ಯೂಸುಫಣ್ಣ, ಜೀಪು ತಗಿ."

"ಊಟ?"

"ಅವರು ಉಂಡಾರಲ್ಲ, ಸಾಕು."

ಹಡಗಲಿ ಮುಟ್ಟುವಾಗ ನಾಲ್ಕು ಗಂಟೆ. ಅಲ್ಲಿ ಸಭೆ ನಡೆಯುತ್ತಿತ್ತು. ಮೈಕಿನಲ್ಲಿ ಯಾರೋ ಕೆರೆಯ ಬಗ್ಗೆ ಮಾತಾಡುವುದು ರಸ್ತೆಗೇ ಕೇಳುತ್ತಿತ್ತು. ಹಂಪಕ್ಕನಿಗೆ ಜೀವ ಬಂದಂತಾಯಿತು. ಆದರೆ ಬಾಗಿಲಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ.

"ಚೀಟಿ?"

"ಎಂಥಾ ಚೀಟಿ?"

"ಮಾತಾಡೋರಿಗೆ ಬೆಳಿಗ್ಗೇನೇ ನಂಬರ್ ಚೀಟಿ ಕೊಟ್ಟಾರ. ಚೀಟಿ ಇದ್ದೋರು ಒಳಗ."

"ನಾವು ಬೆಳಿಗ್ಗೆ ಬೊಮ್ಮನಹಳ್ಳ್ಯಾಗ ಕುಂತಿದ್ವಪ್ಪ. ಇಲ್ಲಿ ಹೆಂಗ ಚೀಟಿ ತಗೊಳ್ಳೂನು?"

"ಹಂಗಾದ್ರ ಬೊಮ್ಮನಹಳ್ಳ್ಯಾಗ ಮಾತಾಡಬೇಕಿತ್ತು," ಎಂದ ಅವನು. ಅವನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಅವನಿಗೆ ಅದು ನ್ಯಾಯವಾಗಿಯೇ ಕಂಡಿತ್ತು. ಅದೇ ಹಂಪಕ್ಕನನ್ನು ಇನ್ನಷ್ಟು ಉರಿಸಿತು.

ವಾದ ನಡೆಯುತ್ತಿರುವಾಗಲೇ ಒಳಗೆ ಚಪ್ಪಾಳೆ ಕೇಳಿಸಿತು. ಸಮಿತಿಯವರು ಎದ್ದು ಪಕ್ಕದ ಬಾಗಿಲಿನಿಂದ ಕಾರು ಹತ್ತಿದರು. ಹರಪನಹಳ್ಳಿಗಲ್ಲ, ಮೈಲಾರಕ್ಕೆ. ಇಷ್ಟು ದೂರ ಬಂದು ಮೈಲಾರಲಿಂಗನ ದರ್ಶನ ಮಾಡದೆ ಹೋಗುವುದು ಹೇಗೆಂದು ಸದಸ್ಯರೊಬ್ಬರು ಅಂದರಂತೆ.

ಸಭೆ ಖಾಲಿಯಾದ ಮೇಲೆ ಸಮಿತಿಯ ಗುಮಾಸ್ತ ಒಬ್ಬನೇ ಫೈಲುಗಳನ್ನು ಬಟ್ಟೆಯಲ್ಲಿ ಕಟ್ಟುತ್ತ ಕೂತಿದ್ದ. ಪಂಚಾಕ್ಷರಪ್ಪ ಎಂದು ಹೆಸರು. ಐವತ್ತರ ಆಸುಪಾಸಿನ, ಬೆಳಿಗ್ಗೆಯಿಂದ ಊಟವಿಲ್ಲದ ಮುಖದ ಮನುಷ್ಯ. ಹಂಪಕ್ಕ ನೇರ ಹೋಗಿ ಅವನ ಎದುರಿಗೆ ಕಾಗದ ಇಟ್ಟಳು. ಅವನು ಬೇಡ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು ಹಳೆಯ ರಿಜಿಸ್ಟರಿನ ನಕಲು ಓದಿದ, ಪಹಣಿ ಪುಸ್ತಕದ ನಕಲು ಓದಿದ, ಮತ್ತೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಕೇಸು ಚೆನ್ನಾಗಿದೆ ಅಮ್ಮ. ಬೆಳಿಗ್ಗೆಯಿಂದ ಬಂದದ್ದರಲ್ಲಿ ದಾಖಲೆ ಸಮೇತ ಬಂದದ್ದು ಇದೊಂದೇ. ಆದರೆ ಸಾಹೇಬರು ಒಂದು ಪ್ರಶ್ನೆ ಕೇಳ್ತಾರೆ. 'ಬ' ಅನ್ನೋದನ್ನ ಯಾರಾದರೂ ಆದೇಶ ಮಾಡಿ ತೆಗೆದರೋ, ಇಲ್ಲಾ ಬರೆಯೋವಾಗ ಬಿಟ್ಟುಹೋಯಿತೋ? ಆದೇಶ ಇದ್ದರೆ ನೀವು ಸೋತಿರಿ. ಬಿಟ್ಟುಹೋಗಿದ್ದರೆ ಬರೆದವರೇ ಹೇಳಬೇಕು. ಎಪ್ಪತ್ತಾರರಲ್ಲಿ ಬರೆದದ್ದು ಇದು. ಕೆಳಗಿನ ಈ ಸಹಿ ಯಾರದು? ಈಗ ಇದ್ದಾರಾ ಅವರು?"

ಹಂಪಕ್ಕ ಬಗ್ಗಿ ನೋಡಿದಳು. ಇಂಗ್ಲಿಷಿನ ಗೀಚು ಸಹಿ. ಅವಳು ಅದನ್ನು ಎಂದೂ ಗಮನಿಸಿರಲಿಲ್ಲ.

"ನಂದ್ರಿ," ಎಂದ ಬೊಮ್ಮಯ್ಯ, ಹಿಂದಿನಿಂದ.

ಹಂಪಕ್ಕ ತಿರುಗಿದಳು. ಅವನು ಗೋಡೆಗೆ ಆತು ನಿಂತು ನೆಲ ನೋಡುತ್ತಿದ್ದ.

"ಯಾವುದು ನಿಮ್ದು?"

"ಸಹಿ. ಬರದಾವ ನಾನ. ಆಗ ನಾನ ಲೆಕ್ಕಿಗ ಇದ್ದೆ."

ಪಂಚಾಕ್ಷರಪ್ಪ ಕನ್ನಡಕ ತೆಗೆದು ಮೆಲ್ಲಗೆ, "ಹಾಗಾದರೆ ಹರಪನಹಳ್ಳಿಗೆ ಬನ್ನಿ. ಆರಕ್ಕಾದರೂ ಶುರುವಾಗುತ್ತೆ. ಇವರೇ ಹೇಳಬೇಕು," ಎಂದು ಗಂಟು ಎತ್ತಿಕೊಂಡು ಹೋದ.

ಹೊರಗೆ ಬೇವಿನ ಮರದ ಕೆಳಗೆ ಹಂಪಕ್ಕ ಬೊಮ್ಮಯ್ಯನ ಮೇಲೆ ಹರಿಹಾಯ್ದಳು. ಅವಳ ದನಿ ಊರಿಗೇ ಕೇಳುವಂತಿತ್ತು.

"ಮೂರು ತಿಂಗಳು! ಮೂರು ತಿಂಗಳು ನನ್ ಗಿರಣಿಗೆ ಬಂದು ಕುಂತ್ರಿ. ಎಲ್ಲೋ ಬಿಟ್ಟುಹೋಗೈತಿ ಅಂದ್ರಿ. ಎಲ್ಲೋ ಅಂದ್ರ ನಿಮ್ ಪೆನ್ನಿನ್ಯಾಗಾ? ನಾನು ತಾಲ್ಲೂಕು ಕಚೇರ್ಯಾಗ ಹೋಗಿ ಆ ಹುಡುಗಿಗೆ, ಕಂಪ್ಯೂಟರ್ ಹೊಡಿಯಾಕಿಗೆ ಎಷ್ಟು ಬೈದು ಬಂದೀನಿ! ಪಾಪ, ಅದು ಅಳಾಕ ಹತ್ತಿತ್ತು."

"ಹೇಳಬೇಕು ಅಂತ ದಿನಾ ಬರ್ತಿದ್ದೆ," ಎಂದ ಬೊಮ್ಮಯ್ಯ. "ಬಂದ ಮ್ಯಾಲ ನೀನು ಚಾ ಕೊಡ್ತಿದ್ದಿ. ದೊಡ್ಡ ಉಪಕಾರ ಮಾಡಿದ್ರಿ ಮಾವಾ ಅಂತಿದ್ದಿ. ಹೇಳಾಕ ಆಗಲಿಲ್ಲ."

"ಯಾಕ ಬಿಟ್ರಿ? ಒಂದು ಅಕ್ಷರ! ಬರಿಯಾಕ ಎಷ್ಟೊತ್ತು ಬೇಕು ಅದನ್ನ?"

"ಹೊಸಾ ಪುಸ್ತಕಕ್ಕ ಎಲ್ಲಾ ಇಳಸಬೇಕಿತ್ತು, ಇಪ್ಪತ್ತು ದಿನದಾಗ. ಸಾವಿರಾರು ಸಾಲು. ಕೈ ಬಾತಿತ್ತು. ಕಣ ಯಾವುದು, ಗುಡ್ಡ ಯಾವುದು ಅಂತ ಊರಾಗ ಎಲ್ಲಾರಿಗೂ ಗೊತ್ತೈತಲ್ಲ, ಖರಾಬು ಅಂತ ಬರದ್ರ ಸಾಕು ಅಂದ್ಕೊಂಡೆ." ಮತ್ತೆ ತಾನೇ ಹೇಳಿದ, "ಮರತು ಬಿಟ್ಟಿದ್ದಲ್ಲ, ಹಂಪವ್ವ. ಸಾಕು ಅಂತ ಬಿಟ್ಟಿದ್ದು."

ಮರೆತೆ ಎಂದಿದ್ದರೆ ಹಂಪಕ್ಕನ ಸಿಟ್ಟು ಇಳಿಯುತ್ತಿತ್ತೇನೋ. ಅವಳು ಜೀಪಿನ ಬಾಗಿಲು ರಪ್ಪನೆ ಹಾಕಿ, "ಊರಿಗೆ ನಡಿ ಯೂಸುಫಣ್ಣ. ನನಗ ಯಾರ ಸಮಿತೀನೂ ಬ್ಯಾಡ," ಎಂದಳು.

ಯೂಸುಫ್ ಸಾಬ್ ಸ್ಟೇರಿಂಗ್ ಹಿಡಿದು ಕೂತನೇ ಹೊರತು ಗಾಡಿ ಚಾಲು ಮಾಡಲಿಲ್ಲ.

"ಊರಿಗೆ ಹೋಗಿ ಎರ್ರಮ್ಮಗ ಏನ್ ಹೇಳ್ತಿ?" ಎಂದ. "ಇವರ ತಪ್ಪು ಸಿಕ್ತು, ಕಣ ಹೋತು ಅಂತಿಯೇನು? ಇಷ್ಟು ದಿನ ಕಾಗದ ಇತ್ತು, ಹೇಳಾವರು ಇರಲಿಲ್ಲ. ಈಗ ಹೇಳಾವರೂ ಸಿಕ್ಕಾರ. ಬೈಯೋದು ಬಾಕಿ ಇದ್ರ ದಾರ್ಯಾಗ ಬೈಯಿ. ಗಾಡಿ ಹರಪನಹಳ್ಳಿಗೆ ಹೋಕ್ಕೈತಿ."

ಬೊಮ್ಮಯ್ಯ ಹಿಂದಿನ ಸೀಟಿನಲ್ಲಿ ಟೂಲ್ಸ್ ಡಬ್ಬಿಯ ಪಕ್ಕ ಮುದುಡಿ ಕೂತ. ಜೀಪು ಹರಪನಹಳ್ಳಿಯ ದಾರಿ ಹಿಡಿಯಿತು.

ಸಮಿತಿ ಅಲ್ಲಿಗೆ ಬಂದಾಗ ಆರೂವರೆ. ಸದಸ್ಯರ ಹಣೆಯ ತುಂಬ ಮೈಲಾರದ ಭಂಡಾರದ ಅರಿಶಿನ. ಕಾದು ಕಾದು ಅರ್ಧ ಜನ ಎದ್ದುಹೋಗಿದ್ದರು. ಹಂಪಕ್ಕ ಈ ಸಲ ಯಾರನ್ನೂ ಕೇಳದೆ ನೇರ ಮೈಕಿನ ಹತ್ತಿರ ಹೋಗಿ ನಿಂತಳು. ಪಂಚಾಕ್ಷರಪ್ಪ ಬಾಗಿ ಸಮಿತಿಯ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದ. ಅಧ್ಯಕ್ಷರು ದಣಿದ ಹಿರಿಯರು. ಕಾಗದದ ಮೇಲ್ಭಾಗ ಓದಿ ಹುಬ್ಬು ಗಂಟಿಕ್ಕಿದರು.

"ಬಸರಿಹಾಳು, ಹಗರಿಬೊಮ್ಮನಹಳ್ಳಿ ತಾಲ್ಲೂಕು. ಅಮ್ಮಾ, ಇದು ಬಳ್ಳಾರಿ ಜಿಲ್ಲೆ. ನಾವೀಗ ಕೂತಿರೋದು ದಾವಣಗೆರೆ ಜಿಲ್ಲೆಯಲ್ಲಿ. ಬಳ್ಳಾರಿ ಜಿಲ್ಲೆಯ ಅಹವಾಲು ಮುಗಿದಿದೆ."

ಹಂಪಕ್ಕ ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಸಾಹೇಬ್ರ, ಐದಾರು ವರ್ಷದ ಹಿಂದ ಇದೂ ಬಳ್ಳಾರಿ ಜಿಲ್ಲಾನ ಇತ್ರಿ. ಗೆರಿ ಹಾಕಿದಾವರು ನೀವ. ಬೊಮ್ಮನಹಳ್ಳ್ಯಾಗ ನಾವು ಹನ್ನೊಂದಕ್ಕ ಬಂದು ಕುಂತಿದ್ವಿ, ನೀವು ಉಂಡು ಹೋದ್ರಿ. ಹಡಗಲ್ಯಾಗ ಚೀಟಿ ಇಲ್ಲ ಅಂತ ಬಾಗಲದಾಗ ನಿಲ್ಲಿಸಿದ್ರಿ. ಇಲ್ಲಿ ಜಿಲ್ಲಾ ಬ್ಯಾರೆ ಅಂತೀರಿ. ನೀವು ಮಾಡೋ ಕಾನೂನು ದಾವಣಗೆರಿಗೆ ಬ್ಯಾರೆ, ಬಳ್ಳಾರಿಗೆ ಬ್ಯಾರೆ ಇರ್ತೈತೇನ್ರಿ? ಅದು ಎಲ್ಲಾರಿಗೂ ಒಂದ ಅಂದ್ರ, ಅದರಾಗಿನ ತಪ್ಪು ಎಲ್ಲಿ ನಿಂತು ಹೇಳಿದ್ರೇನ್ರಿ?"

ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಸಮಿತಿಯಲ್ಲಿ ಒಬ್ಬರೇ ಇದ್ದ ಮಹಿಳಾ ಸದಸ್ಯೆ ಮೈಕು ತಮ್ಮತ್ತ ಎಳೆದುಕೊಂಡು, "ಹೇಳಲಿ ಬಿಡಿ ಸರ್. ಐದು ನಿಮಿಷ," ಎಂದರು.

ಹಂಪಕ್ಕ ಹೇಳಿದಳು. ಕಣದ ವಿಷಯ, ಅರವತ್ತು ಮನೆಗಳ ವಿಷಯ, ಒಂದು ಸಾಲು ಸೇರಿಸಬೇಕೆಂಬ ಬೇಡಿಕೆ. ಸಿಟ್ಟಿನಲ್ಲಿ ಹೇಳಿದ್ದರಿಂದಲೋ ಏನೋ ಎರಡೇ ನಿಮಿಷದಲ್ಲಿ ಮುಗಿಯಿತು. ಇನ್ನೊಬ್ಬ ಸದಸ್ಯರು ತಲೆ ಅಲ್ಲಾಡಿಸಿದರು.

"ಎಲ್ಲ ಊರವರೂ ಹೀಗೇ ಹೇಳ್ತಾರೆ. ತಪ್ಪಾಗಿದೆ, ಬಿಟ್ಟುಹೋಗಿದೆ ಅಂತ. ಸರ್ಕಾರಿ ದಾಖಲೆಯನ್ನ ಹೀಗೆ ಅನುಮಾನಿಸ್ತಾ ಹೋದರೆ ಕಾನೂನು ಮಾಡೋದಾದರೂ ಹೇಗೆ? ಬಿಟ್ಟುಹೋಗಿದೆ ಅನ್ನೋದಕ್ಕೆ ಏನು ಆಧಾರ?"

ಹಂಪಕ್ಕ ಹಿಂದೆ ನೋಡಿದಳು. ಬೊಮ್ಮಯ್ಯ ಎದ್ದು ಬಂದ. ಮೈಕು ಅವನ ಎತ್ತರಕ್ಕೆ ಸರಿಯಿರಲಿಲ್ಲ. ಅದನ್ನು ಸರಿ ಮಾಡಲು ಯಾರೂ ಬರಲಿಲ್ಲವಾದ್ದರಿಂದ ಸ್ವಲ್ಪ ಬಗ್ಗಿಯೇ ಮಾತಾಡಿದ.

"ನಾನು ಬೊಮ್ಮಯ್ಯ ಅಂತ್ರಿ. ನಿವೃತ್ತ ಗ್ರಾಮಲೆಕ್ಕಿಗ. ಆ ಪುಸ್ತಕ ಬರದಾವ ನಾನ. ಯಾರ ಆದೇಶಾನೂ ಇರಲಿಲ್ರಿ. ಹಳೇ ರಿಜಿಸ್ಟರ್‌ನ್ಯಾಗ 'ಬ' ಇದ್ದದ್ದು ಕಣ್ಣಿಗೆ ಕಂಡಿತ್ತು. ಕೆಲಸ ಬ್ಯಾಗ ಮುಗೀಲಿ ಅಂತ ಬಿಟ್ಟೆ."

ಹಾಲಿನಲ್ಲಿ ಗದ್ದಲ ನಿಂತಿತು. ಮಹಿಳಾ ಸದಸ್ಯೆ ಮುಂದೆ ಬಾಗಿದರು.

"ಆ ಒಂದು ಊರಿನದು ಮಾತ್ರ ಬಿಟ್ಟಿದ್ದಾ?"

ಬೊಮ್ಮಯ್ಯ ಹಂಪಕ್ಕನ ಕಡೆ ನೋಡಲಿಲ್ಲ.

"ಇಲ್ರಿ. ನನ್ ಸರ್ಕಲ್‌ನ್ಯಾಗ ಒಂಬತ್ತು ಊರು ಇದ್ದವು. ಒಂಬತ್ತರದೂ."

ಹಂಪಕ್ಕ ಹಣೆ ಹಿಡಿದುಕೊಂಡಳು. ಅಧ್ಯಕ್ಷರು ಅವನನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಪಂಚಾಕ್ಷರಪ್ಪನಿಗೆ, "ಬರೆದುಕೊಳ್ಳಿ," ಎಂದು ಹೇಳಿ, ಒಂದೊಂದೇ ಮಾತು ನಿಧಾನವಾಗಿ ಬರೆಸಿದರು. ಬೊಮ್ಮಯ್ಯ ಅದರ ಕೆಳಗೆ ಸಹಿ ಹಾಕಿದ, ಈ ಸಲ ಕನ್ನಡದಲ್ಲಿ.

ವಾಪಸು ಬರುವಾಗ ಕತ್ತಲಾಗಿತ್ತು. ಹಂಪಕ್ಕ ಒಂದೇ ಮಾತು ಆಡಿದಳು: "ಒಂಬತ್ತು!"

ಮಳೆಗಾಲದ ಅಧಿವೇಶನದಲ್ಲಿ ಮಸೂದೆ ಪಾಸಾಯಿತು. ರೇಡಿಯೋದ ವಾರ್ತೆಯಲ್ಲಿ ಅದು ಅರ್ಧ ನಿಮಿಷವೂ ಬರಲಿಲ್ಲ. ಪ್ರತಿ ತರಿಸಿ ನೋಡಿದಾಗ, ಪಹಣಿಯ ತಪ್ಪುಗಳನ್ನು ಗ್ರಾಮ ಪಂಚಾಯ್ತಿಯ ಅರ್ಜಿ, ಹಳೆಯ ದಾಖಲೆ, ಮತ್ತು ಸಾಧ್ಯವಿದ್ದಲ್ಲಿ ಬರೆದ ನೌಕರನ ಹೇಳಿಕೆಯ ಮೇಲೆ ಸರಿಪಡಿಸಬಹುದೆಂದು ಒಂದು ಉಪಕಲಂ ಸೇರಿತ್ತು. ಗಡುವು ತೊಂಬತ್ತು ದಿನ. ಹಂಪಕ್ಕ ಅದನ್ನು ಗಿರಣಿಯ ಸದ್ದಿನಲ್ಲೇ ಮೂರು ಸಲ ಓದಿ, ಬೆಲ್ಟು ನಿಲ್ಲಿಸಿ, ಬೊಮ್ಮಯ್ಯನ ಮನೆಗೆ ನಡೆದಳು. ಹರಪನಹಳ್ಳಿಯಿಂದ ಬಂದ ಮೇಲೆ ಅವಳು ಅವನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಚಪ್ಪಲಿ ಹಾಕ್ಕೊಳ್ರಿ ಮಾವ. ಒಂಬತ್ತು ಊರು ತಿರುಗೋದೈತಿ."

ತಮ್ಮ ಕಣ ಉಳಿಯುತ್ತದೆಂದು ಕೇಳಿದರೆ ಊರುಗಳವರು ಓಡಿ ಬರುತ್ತಾರೆಂದು ಅವಳು ಎಣಿಸಿದ್ದಳು. ಯಾರೂ ಓಡಿ ಬರಲಿಲ್ಲ. ಒಂದು ಊರಿನಲ್ಲಿ ಕಾರ್ಯದರ್ಶಿ ರಜೆ ಮೇಲಿದ್ದ, ಇನ್ನೊಂದರಲ್ಲಿ ಠರಾವು ಪುಸ್ತಕವೇ ಸಿಗಲಿಲ್ಲ. ಮತ್ತೊಂದು ಕಡೆ ಇವರನ್ನು ಬೀಜದ ಕಂಪನಿಯವರು ಎಂದುಕೊಂಡು ಚಾಪೆ ಹಾಸಿ, ವಿಷಯ ತಿಳಿದ ಮೇಲೆ ಚಾಪೆ ಮಡಚಿದರು. ಮಾಲವ್ವನಹಳ್ಳಿಯ ಪಂಚಾಯ್ತಿ ಅಧ್ಯಕ್ಷ ಚೌಡಣ್ಣ ಅರ್ಜಿ ಮುಟ್ಟಿಯೂ ನೋಡಲಿಲ್ಲ.

"ಕಣ ಯಾರಿಗೆ ಬೇಕ್ರಿ ಈಗ? ರಸ್ತಿ ಮ್ಯಾಲ ಹರವಿದ್ರ ಲಾರಿ ತುಳಕೊಂಡು ಹೋಗ್ತಾವು, ಕಾಳು ಉದುರ್ತಾವು. ಗುತ್ತಿಗಿ ಹಿಡಿಯಾವರು ಆಗಲೇ ಬಂದು ಜಾಗ ನೋಡ್ಯಾರ. ಊರಿಗೆ ಏನರ ಫ್ಯಾಕ್ಟರಿ ಬಂದೀತು."

"ಬರದಿದ್ರ?"

"ಬರದಿದ್ರ ಬ್ಯಾಡ ಬಿಡ್ರಿ."

ಹಂಪಕ್ಕ ವಾದ ಮಾಡಿದಳು, ಅಂಗಲಾಚಿದಳು, ಕೊನೆಗೆ ಬೈದಳು. ಬೊಮ್ಮಯ್ಯ ಮಾತಾಡದೆ ಪ್ರತಿ ಊರಿನಲ್ಲೂ ತನ್ನ ಹೇಳಿಕೆಯನ್ನು ಕೈಯಲ್ಲೇ ಬರೆದು ಕೊಡುತ್ತಿದ್ದ. ಒಂದು ಕಾಗದ ಬರೆದು ಜೆರಾಕ್ಸ್ ಮಾಡಿಸಿದರಾಗುವುದಿಲ್ಲವೇ ಎಂದು ಅವಳು ಸಿಡುಕಿದರೂ ಕೇಳಲಿಲ್ಲ. ಪ್ರತಿ ಊರಿನ ಸರ್ವೆ ನಂಬರು, ಪ್ರತಿ ಕಣ, ದಾರಿ, ಸ್ಮಶಾನ, ಒಂದೊಂದನ್ನೂ 'ಬ' ಹಾಕಿಯೇ ಬರೆದ. ಕೆಲವೊಮ್ಮೆ ಅವನು ಬರೆಯುವುದು ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತಿತ್ತು. ಆಗ ಯೂಸುಫ್ ಸಾಬ್ ಗೊಣಗುತ್ತ ಜೀಪು ತಂದು ಕರೆದೊಯ್ಯುತ್ತಿದ್ದ.

ಎಂಬತ್ತೇಳನೆಯ ದಿನ ಬಸರಿಹಾಳಿನ ಆದೇಶ ಬಂತು. ಏಳು ಎಕರೆಯೂ 'ಬ'. ಒಟ್ಟು ಒಂಬತ್ತರಲ್ಲಿ ಏಳು ಊರು ಸರಿಯಾದವು. ಒಂದರ ಅರ್ಜಿ ಗಡುವು ಮುಗಿದ ಮಾರನೆಯ ದಿನ ತಲುಪಿ ವಾಪಸಾಯಿತು. ಮಾಲವ್ವನಹಳ್ಳಿ ಅರ್ಜಿಯನ್ನೇ ಹಾಕಲಿಲ್ಲ.

ಆದೇಶ ಬಂದ ವಾರದಲ್ಲೇ ಬೊಮ್ಮಯ್ಯನಿಗೆ ಇನ್ನೊಂದು ಲಕೋಟೆ ಬಂತು. ಕರ್ತವ್ಯಲೋಪವನ್ನು ನೀವೇ ಸಮಿತಿಯ ಮುಂದೆ ಒಪ್ಪಿಕೊಂಡಿರುವುದರಿಂದ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು, ಬಳ್ಳಾರಿಗೆ ಬಂದು ಹಾಜರಾಗಿ, ಎಂದು. ಅವನು ಅದನ್ನು ಹಂಪಕ್ಕನಿಗೆ ತೋರಿಸಲೇ ಇಲ್ಲ. ಅಂಚೆಯವನು ಹೇಳಿದ. ಅವಳು ಗಿರಣಿಯಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ನಮ್ಮೂರಿಂದು ಕೇಳಿದ್ರು. ನಮ್ಮೂರಿಂದು ಹೇಳಿ ಸುಮ್ನಿರಬೇಕಿಲ್ಲೇನು? ಒಂಬತ್ತು ಅಂತ ಯಾಕ ಬಾಯಿ ಬಿಟ್ರಿ?"

"ಕೇಳಿದ್ರಲ್ಲ."

"ಕೇಳಿದ್ರಂತ! ಹೇಳಬೇಕಾದಾಗ ಮೂರು ತಿಂಗಳು ಹೇಳಲಿಲ್ಲ, ಹೇಳಬಾರದ್ದನ್ನ ಮೈಕಿನ್ಯಾಗ ಹೇಳಿದ್ರಿ. ಏನ್ ಮನುಷ್ಯಾರು ನೀವು!" ಎಂದು ಕೂಗಿ, ಉಸಿರು ಬಿಟ್ಟು, "ಯಾವಾಗ ಹೋಗೋದು ಬಳ್ಳಾರಿಗೆ?" ಎಂದು ಕೇಳಿದಳು.

ಗಿರಣಿಗೆ ಮತ್ತೆ ಬೀಗ ಬಿತ್ತು. ಬಳ್ಳಾರಿಯಲ್ಲಿ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ನಿವೃತ್ತಿಯಾಗಿ ನಾಲ್ಕು ವರ್ಷ ದಾಟಿದ್ದರಿಂದ ಕ್ರಮ ಕೈಗೊಳ್ಳಲು ಬರುವುದಿಲ್ಲವೆಂದು ಅಧಿಕಾರಿಗೆ ಮೊದಲೇ ಗೊತ್ತಿತ್ತು. ಆದರೂ ಫೈಲು ಮುಚ್ಚಲು ಬೊಮ್ಮಯ್ಯ ಎದುರಿಗೆ ಬರಬೇಕಿತ್ತು. ಅಧಿಕಾರಿ ಎಚ್ಚರಿಕೆಯ ಮಾತನ್ನು ಗಟ್ಟಿಯಾಗಿ ಓದಿ ಹೇಳಿದ. ಅರವತ್ತೆರಡು ವರ್ಷದ ಬೊಮ್ಮಯ್ಯ ಕೈ ಕಟ್ಟಿಕೊಂಡು ನಿಂತು ಕೇಳಿದ. ಬಾಗಿಲಲ್ಲಿ ನಿಂತಿದ್ದ ಹಂಪಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತಳು. ಇಷ್ಟು ದಿನ ಅವನನ್ನು ಬೈಯುವ ಹಕ್ಕು ತನ್ನದೊಬ್ಬಳದೇ ಎಂಬಂತಿದ್ದಳು. ಯಾರೋ ಪರಿಚಯವಿಲ್ಲದವನು ಬೈದದ್ದು ಅವಳಿಗೆ ಹಿಡಿಸಲಿಲ್ಲ.

ಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಊರಿನ ಕಡೆಯ ಕೋಗಳಿ ರಸ್ತೆಗೆ ಬಿದ್ದಾಗ ಸಂಜೆ ಐದು. ಮಾಲವ್ವನಹಳ್ಳಿ ಹತ್ತಿರ ಬಸ್ಸು ನಿಧಾನವಾಯಿತು. ರಸ್ತೆಯ ತುಂಬ ಸಜ್ಜೆ ಹರವಿದ್ದರು. ಪಕ್ಕದಲ್ಲೇ, ಮೊದಲು ಕಣವಿದ್ದ ಕಡೆ, ಸಾಲಾಗಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದರು. ಒಳಗೆ ಏನೂ ಇರಲಿಲ್ಲ. ಒಬ್ಬ ಮುದುಕಿ ಬಸ್ಸಿಗೆ ಕೈ ಅಡ್ಡ ಹಿಡಿದು, ತನ್ನ ರಾಶಿಯನ್ನು ಪೊರಕೆಯಿಂದ ಬದಿಗೆ ತಳ್ಳುತ್ತಿದ್ದಳು. ಬೊಮ್ಮಯ್ಯ ಕಿಟಕಿಯಿಂದ ಅದನ್ನೇ ನೋಡಿದ. ಬಸ್ಸು ದಾಟಿದ ಮೇಲೂ ಕತ್ತು ತಿರುಗಿಸಿಯೇ ಇದ್ದ.

ಹಂಪಕ್ಕನೂ ಆ ಬೇಲಿಯ ಕಡೆ ನೋಡಿದಳು.

"ತೊಂಬತ್ತು ದಿನ ಮುಗದ್ರ ಮೇಲ್ಮನವಿ ಅಂತ ಒಂದು ಇರ್ತೈತಂತ," ಎಂದಳು. "ಪಂಚಾಯ್ತಿ ಹಾಕದಿದ್ರ ಊರಿನ ಮಂದಿ ಹಾಕಬಹುದಂತ. ಪಂಚಾಕ್ಷರಪ್ಪಾರಿಗೆ ಕಾಗದ ಬರದು ಕೇಳೀನಿ."

ಬೊಮ್ಮಯ್ಯ ತಿರುಗಿ ನೋಡಿದ. "ಯಾವಾಗ ಬರದಿ?"

"ಬರದೀನಿ ಬಿಡ್ರಿ, ಎಲ್ಲಾ ನಿಮಗ ಹೇಳಬೇಕೇನು?" ಎಂದು ಅವಳು ಸಿಡುಕಿದಳು. "ನಾಳಿ ಗಿರಣಿ ಐತಿ. ನಾಡದು ಬರೂನು. ಆ ಮುದುಕಿ ಹೆಸರು ಕೇಳಿಕೊಂಡು ಅಕಿ ಕೈಲಿಂದನ ಮೊದಲನೇ ಸಹಿ ಹಾಕಸೂನು. ನೀವು ಬರಿಯೋದು ಮಾತ್ರ ಮುಂಜಾನಿ ಶುರು ಮಾಡ್ರಿ, ಆಗಿದ್ದಾಗ್ಲಿ. ನನಗ ಕೊನೀ ಬಸ್ಸು ತಪ್ಪಬಾರದು."